ಕೆಂಪು ಎಂದರೆ ಹೊಸ ಮನೆ

ನವೆಂಬರ್ ೩, ಸೋಮವಾರ

ಹೊಸ ನೋಟ್‌ಬುಕ್. ಹಳೆಯದರಲ್ಲಿ ಇನ್ನೂ ಅರ್ಧದಷ್ಟು ಹಾಳೆಗಳು ಉಳಿದಿವೆ, ಆದರೆ ಅದರ ತುಂಬ ಬರೀ ಕೊರಗು. ನಾನು ಬರೆದದ್ದನ್ನು ನಾನೇ ಓದಲಾರೆ ಎನ್ನುವಷ್ಟು ಬೇಸರ ಬಂದಿತ್ತು.

ಕೊನೆಗೂ ಒಂದು ನಿಜವಾದ ಕೆಲಸ ಸಿಕ್ಕಿದೆ. ಏಳು ವರ್ಷದಿಂದ ವಿಶ್ವವಿದ್ಯಾಲಯದ ಈ ಭೂಗೋಳ ಬೋಧನೆ ಮತ್ತು ಕಲಿಕೆ ಸಂಶೋಧನಾ ಕೇಂದ್ರದಲ್ಲಿ ಗುತ್ತಿಗೆ ಸಹಾಯಕನಾಗಿ ಕೂತಿದ್ದೇನೆ. ಇಷ್ಟು ದಿನ ನಾನು ಮಾಡಿದ ಭೂಗೋಳವೆಂದರೆ ದಾಸರಹಳ್ಳಿಯಲ್ಲಿ ಹಸಿರು ಮೆಟ್ರೊ ಹತ್ತುವುದು, ಆರ್.ವಿ. ರಸ್ತೆಯಲ್ಲಿ ಇಳಿದು ಮೊದಲೆಲ್ಲ ಬಸ್ಸು, ಈಗ ಹಳದಿ ಮೆಟ್ರೊ ಹಿಡಿಯುವುದು, ಎಲೆಕ್ಟ್ರಾನಿಕ್ ಸಿಟಿ ದಾಟಿ ಶೇರ್ ಆಟೊದಲ್ಲಿ ತೊಡೆಗೆ ತೊಡೆ ಒತ್ತಿಕೊಂಡು ಬರುವುದು. ಊರಿನ ಉತ್ತರದ ತುದಿಯಿಂದ ದಕ್ಷಿಣದ ತುದಿಗೆ ದಿನಾ ಓಡಾಡುವವನಿಗೆ ದಿಕ್ಕಿನ ಪಾಠ ಯಾರೂ ಹೇಳಬೇಕಿಲ್ಲ.

ನಿರ್ದೇಶಕಿ ಶ್ರೀರಂಜನಿ ಮೇಡಂ ಕರೆದು ವಿವರಿಸಿದರು. ಕ್ಯಾಂಪಸ್ಸಿನ ಹಿಂದಿನ ಕೆರೆಯ ಆಚೆ ಒಂದು ಸರ್ಕಾರಿ ಶಾಲೆ ಇದೆ. ಅಲ್ಲಿನ ಏಳನೇ ತರಗತಿಯ ಮೂವತ್ತೊಂದು ಮಕ್ಕಳು ಮನೆಯಿಂದ ಶಾಲೆಗೆ ಬರುವ ದಾರಿಯ ನಕ್ಷೆ ಬಿಡಿಸಬೇಕು. ಮೊದಲು ಒಂದು ನಕ್ಷೆ, ನಡುವೆ ನನ್ನ ಪಾಠ, ಕೊನೆಗೆ ಇನ್ನೊಂದು ನಕ್ಷೆ. ಎರಡಕ್ಕೂ ಅಂಕ. ವ್ಯತ್ಯಾಸ ಎಷ್ಟೋ ಕಲಿಕೆ ಅಷ್ಟು.

"ಇದು ನೀಟಾಗಿ ಬಂದ್ರೆ ಶ್ಯಾಮ್, ಜನವರಿ ಇಂಟರ್‌ವ್ಯೂಲಿ ನಿಮ್ಮ ಹೆಸರು ನಾನೇ ಮುಂದೆ ಇಡ್ತೀನಿ" ಎಂದರು. ಶ್ಯಾಮಸುಂದರ ಎಂದು ಪೂರ್ತಿ ಕರೆಯಲು ಅವರಿಗೆ ಪುರುಸೊತ್ತಿಲ್ಲ, ಇರಲಿ. ಕಾಯಂ ಎಂಬ ಒಂದು ಪದ ಕೇಳಲು ಅಮ್ಮ ಏಳು ವರ್ಷದಿಂದ ಶನಿವಾರ ಒಪ್ಪತ್ತು ಮಾಡುತ್ತಿದ್ದಾಳೆ.

ಮಧ್ಯಾಹ್ನವೇ ಶಾಲೆಗೆ ಹೋದೆ. ಸಮಾಜ ವಿಜ್ಞಾನದ ಈಶ್ವರಮ್ಮ ಟೀಚರ್ ಇಪ್ಪತ್ತೆರಡು ವರ್ಷದಿಂದ ಅಲ್ಲಿದ್ದಾರಂತೆ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬನ್ನಿ ಸರ್, ಮಕ್ಕಳು ಕಚ್ಚಲ್ಲ" ಎಂದರು. ಮೊದಲ ನಕ್ಷೆಗಳಲ್ಲಿ ಎಲ್ಲರೂ ಮೂಲೆಯಲ್ಲಿ ಒಂದು ಸೂರ್ಯನನ್ನು ಕೂರಿಸಿದ್ದರು. ನಕ್ಷೆಯಲ್ಲಿ ಸೂರ್ಯ ಇರುವುದಿಲ್ಲ ಎಂದೆ. ಎರಡು ಜಡೆಯ ವೇಣಿ ಎಂಬ ಹುಡುಗಿ ಎದ್ದು ನಿಂತು ಕೇಳಿದಳು. "ಮತ್ತೆ ಬೆಳಕು ಎಲ್ಲಿಂದ ಬತ್ತೈತೆ ಸಾರ್?"

ನಗು ತಡೆಯಲಾಗಲಿಲ್ಲ. ಬಹಳ ದಿನವಾಗಿತ್ತು ಹೀಗೆ ನಕ್ಕು.

ನವೆಂಬರ್ ೬, ಗುರುವಾರ

ಇವತ್ತು ಎರಡು ಪಾಠ. ಮೊದಲನೆಯದು ಉತ್ತರ ದಿಕ್ಕಿನ ಬಾಣ. ಬಾಣವಿಲ್ಲದ ನಕ್ಷೆಗೆ ನಾನು ಸೊನ್ನೆ ಕೊಡುವವನು ಎಂದು ಮೊದಲೇ ಹೆದರಿಸಿದೆ. ಎರಡನೆಯದು ಸೂಚಿ, ಅಂದರೆ ಯಾವ ಬಣ್ಣ ಯಾವುದಕ್ಕೆ ಎಂದು ಮೂಲೆಯಲ್ಲಿ ಬರೆಯುವ ಪಟ್ಟಿ. ಹತ್ತು ವರ್ಷಕ್ಕಿಂತ ಹಳೆಯ ಮನೆಗೆ ನೀಲಿ, ಹೊಸ ಮನೆಗೆ ಕೆಂಪು ಎಂದು ಬೋರ್ಡಿನ ಮೇಲೆ ಬರೆದೆ. ಈ ಬಣ್ಣದ ಉಪಾಯ ನನ್ನದೇ.

ಅಭ್ಯಾಸಕ್ಕೆ ಬಿಡಿಸಿದ ನಕ್ಷೆಗಳು ಕೈಗೆ ಬಂದಾಗ ನೋಡಿದರೆ ಇಡೀ ತರಗತಿ ಕೆಂಪು! ನೀಲಿ ಬಳಪಗಳ ಮೊನೆ ಹಾಗೇ ಇತ್ತು. ಕೆರೆಯಂಚಿನ ಮಡಿವಾಳರ ಸಾಲಿನಿಂದ ಬರುವ ಹದಿನಾಲ್ಕು ಮಕ್ಕಳಂತೂ ಹಾಳೆ ಹರಿಯುವಷ್ಟು ಒತ್ತಿ ಕೆಂಪು ತಿಕ್ಕಿದ್ದರು. ವೇಣಿಯನ್ನು ಕರೆದೆ.

"ನಿಮ್ಮನೆ ಯಾರು ಕಟ್ಟಿಸಿದ್ದು?"

"ನಮ್ ತಾತನ ತಾತ ಸಾರ್."

"ಹಾಗಾದ್ರೆ ನೀಲಿ ಅಲ್ವೇನೇ?"

"ಸುಣ್ಣ ಹೊಸ್ದು ಸಾರ್. ದೀಪಾವಳಿಗೆ ಹೊಡ್ದಿದ್ದು."

ಹಿಂದಿನ ಬೆಂಚಿನಿಂದ ಇನ್ನೊಬ್ಬ, "ನೀಲಿ ಹಾಕಿದ್ರೆ ಹಳೇ ಮನೆಯೋರು ಅಂತ ಆಡ್ಕೊತಾರೆ ಸಾರ್" ಎಂದ. ನಾನೂ ಈಶ್ವರಮ್ಮನವರೂ ಮುಖ ಮುಖ ನೋಡಿಕೊಂಡು ನಕ್ಕೆವು. ಅಂಕ ಕೊಡುವ ನಮ್ಮ ನಮೂನೆಯಲ್ಲಿ ಇರುವುದು ಎರಡೇ ಪ್ರಶ್ನೆ. ಸೂಚಿ ಇದೆಯೇ? ಅದರಲ್ಲಿನ ಬಣ್ಣ ಬಳಸಿದ್ದಾರೆಯೇ? ಬಣ್ಣ ನಿಜವೇ ಎಂದು ಕೇಳುವ ಕಾಲಂ ಇಲ್ಲ. ಎಲ್ಲರಿಗೂ ಐದಕ್ಕೆ ಐದು ಕೊಟ್ಟೆ.

ನವೆಂಬರ್ ೧೪, ಶುಕ್ರವಾರ

ಮಕ್ಕಳ ದಿನಾಚರಣೆ. ಭಾಷಣ ತಪ್ಪಿಸಿಕೊಂಡು ಮಡಿವಾಳರ ಸಾಲಿಗೆ ಹೋದೆ. ಮಕ್ಕಳು ಬಿಡಿಸಿದ ಜಾಗ ಎಷ್ಟು ಸರಿ ಎಂದು ತಾಳೆ ನೋಡಲು ಪ್ರತಿ ಮನೆಯ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಜಾಗದ ಗುರುತು ಹಿಡಿಯಬೇಕಿತ್ತು. ಕೆರೆಗೂ ನಮ್ಮ ಕ್ಯಾಂಪಸ್ಸಿನ ಹಿಂಗೋಡೆಗೂ ನಡುವೆ ಹದಿನಾಲ್ಕು ಮನೆ, ಮನೆಗೊಂದು ಮಗು ನಮ್ಮ ತರಗತಿಯಲ್ಲಿ. ಹಗ್ಗದ ತುಂಬ ಪಿ.ಜಿ.ಗಳ ಬೆಡ್‌ಶೀಟು, ಕಂಪನಿ ಕ್ಯಾಂಟೀನಿನ ಏಪ್ರನ್ನು. ಸರ್ಕಾರದ ಹಳೆಯ ನಕ್ಷೆಯಲ್ಲಿ ಈ ಜಾಗದಲ್ಲಿ ಏನೂ ಇಲ್ಲ, ಬಿಳಿ ಕಾಗದ.

ವೇಣಿ ಮುಂದೆ ನಡೆದಳು. ಹುಣಸೆ ಮರದಿಂದ ನಲವತ್ತು ಹೆಜ್ಜೆ, ಅಲ್ಲಿಂದ ಎಡಕ್ಕೆ ಹನ್ನೆರಡು ಎಂದು ಎಣಿಸುತ್ತಾಳೆ, ಒಂದೂ ತಪ್ಪಲಿಲ್ಲ. ಇಂಥ ದಿಕ್ಕಿನ ಜ್ಞಾನ ನಮ್ಮ ಎಂ.ಎ. ಹುಡುಗರಿಗೂ ಇಲ್ಲ. ಖುಷಿ ತಡೆಯಲಾರದೆ ಜೇಬಿನಲ್ಲಿದ್ದ ಕೇಂದ್ರದ ಹಿತ್ತಾಳೆ ದಿಕ್ಸೂಚಿಯನ್ನು ಅವಳ ಕೈಗಿಟ್ಟೆ. ನೀನೇ ಇಟ್ಟುಕೋ ಎಂದೆ.

ಅವಳ ತಾತ ಮಡಿವಾಳಪ್ಪ ಬಟ್ಟೆ ಹಿಂಡುತ್ತಲೇ ಕೇಳಿದರು. "ಇಂಗ್ಯಾಕ್ ಗುರ್ತು ಮಾಡ್ಕತೀರಿ ಸ್ವಾಮಿ? ಅಳ್ಯಕ್ ಬಂದೋರು ಯಾರೂ ಒಳ್ಳೇದಕ್ಕೆ ಬಂದಿಲ್ಲ ಇಲ್ಲಿಗೆ."

"ಮಕ್ಕಳ ಪಾಠಕ್ಕೆ ಯಜಮಾನ್ರೇ, ಅಷ್ಟೇ."

"ಪಾಠಕ್ಕಾದ್ರೆ ಅಳ್ಕಳಿ" ಎಂದು ಟೀ ತರಿಸಿದರು. ಅವರ ಮುತ್ತಾತ ಬಟ್ಟೆ ಒಗೆದ ಕಲ್ಲು ತೋರಿಸಿದರು. ನಡುಭಾಗ ಅಂಗೈ ಆಳಕ್ಕೆ ಸವೆದಿದೆ. ಒಂದು ಕಲ್ಲು ಹಾಗೆ ಸವೆಯಬೇಕಾದರೆ ಎಷ್ಟು ತಲೆಮಾರು ಬಡಿದಿರಬೇಕು!

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಬೀರು ತೆಗೆದು ನಮ್ಮ ಮನೆಯ ಕಾಗದಗಳನ್ನು ಮತ್ತೊಮ್ಮೆ ನೋಡಿ ಒಳಗಿಟ್ಟಳು. ಅಪ್ಪ ಕಾರ್ಖಾನೆಯ ನೌಕರಿಯಲ್ಲಿದ್ದಾಗ ರೆವೆನ್ಯೂ ಸೈಟಿನಲ್ಲಿ ಕಟ್ಟಿಸಿದ ಮನೆ, ಇವತ್ತಿಗೂ ಬಿ ಖಾತೆ, ಅಂದರೆ ಕಾಗದದ ಮೇಲೆ ಪೂರ್ತಿ ಸಕ್ರಮವಾಗದ್ದು. ಎಲ್ಲಿಯಾದರೂ ಮನೆ, ಜಾಗ ಎಂಬ ಮಾತು ಬಂದರೆ ಸಾಕು, ಅವಳು ಆ ಬೀರು ತೆಗೆಯುತ್ತಾಳೆ.

ಡಿಸೆಂಬರ್ ೨, ಮಂಗಳವಾರ

ನನ್ನ ದಿನ! ಮೂವತ್ತೊಂದು ನಕ್ಷೆಗಳನ್ನು ಸೇರಿಸಿ ಒಂದೇ ದೊಡ್ಡ ನಕ್ಷೆ ಮಾಡಿ ಕೇಂದ್ರದ ಗೋಡೆಗೆ ಹಾಕಿದೆವು. ನಾನು ಹಿಡಿದ ಗುರುತುಗಳಿಂದಾಗಿ ಪ್ರತಿ ಮನೆಯೂ ಅದರ ಜಾಗದಲ್ಲೇ ಕೂತಿದೆ. ಮಕ್ಕಳ ಹೆಸರು ಮಾತ್ರ ಇಲ್ಲ. "ನೇಮ್ಸ್ ಬೇಡ ಶ್ಯಾಮ್, ನಂಬರ್ ಹಾಕಿ. ಮಕ್ಕಳ ಪ್ರೈವಸಿ ಇಂಪಾರ್ಟೆಂಟು" ಎಂದರು ಮೇಡಂ. ಒಳ್ಳೆಯ ತಮಾಷೆ. ಹೆಸರನ್ನು ಬಚ್ಚಿಟ್ಟೆವು, ಮನೆಯನ್ನು ಗೋಡೆಗೆ ಅಂಟಿಸಿದೆವು. ವೇಣಿ ಈಗ ಹದಿನೇಳನೇ ಮಗು.

ಸಂಜೆ ಕುಲಸಚಿವರು ಒಬ್ಬ ಇಂಜಿನಿಯರನ್ನು ಕರೆದುಕೊಂಡು ಬಂದರು. ನಕ್ಷೆಯ ಮುಂದೆ ಇಪ್ಪತ್ತು ನಿಮಿಷ ನಿಂತರು. ಏಳು ವರ್ಷದಲ್ಲಿ ಅವರು ನನ್ನ ಮುಖವನ್ನು ಇಪ್ಪತ್ತು ಸೆಕೆಂಡೂ ನೋಡಿರಲಿಲ್ಲ.

"ಈ ಕೆಂಪಿಗೆಲ್ಲ ಏನರ್ಥ?" ಎಂದರು ಕುಲಸಚಿವರು.

"ಕೆಂಪು ಎಂದರೆ ಹೊಸ ಮನೆ ಸರ್" ಎಂದೆ, ಎದೆಯುಬ್ಬಿಸಿ.

ಇಂಜಿನಿಯರು ಮೊಬೈಲ್ ತೆಗೆದು ಕೆರೆಯಂಚಿನ ಸಾಲನ್ನು ಹತ್ತಿರದಿಂದ ಫೋಟೊ ಹಿಡಿದ. ಸೂಚಿಯನ್ನೂ ಹಿಡಿದ. ಹೋಗುವಾಗ ಕುಲಸಚಿವರು ನನ್ನ ಭುಜ ತಟ್ಟಿದರು. ಆ ಜಾಗ ಇನ್ನೂ ಬೆಚ್ಚಗಿದೆ ಎಂದು ಬರೆದರೆ ನಗೆಪಾಟಲಾದೀತು. ಆದರೆ ಇದನ್ನು ಓದುವವರಾದರೂ ಯಾರು?

ಡಿಸೆಂಬರ್ ೨೨, ಸೋಮವಾರ

ಹದಿನಾಲ್ಕು ಬಾಗಿಲಿಗೂ ನೋಟಿಸ್ ಅಂಟಿಸಿದ್ದಾರೆ. ಕೆರೆ ಅಭಿವೃದ್ಧಿಯ ಹೊಣೆ ನಮ್ಮ ವಿಶ್ವವಿದ್ಯಾಲಯದ್ದಂತೆ. ಸುತ್ತ ನಡೆಯುವ ದಾರಿ, ಕಲ್ಲು ಬೆಂಚು, ನಮ್ಮ ಹಿಂಗೋಡೆಗೊಂದು ಗೇಟು. ಮನೆಗಳು ಹಳೆಯವಾದರೆ ಬದಲಿ ಜಾಗ ಕೊಟ್ಟು ಎಬ್ಬಿಸಬೇಕು. ಹೊಸವಾದರೆ ಒತ್ತುವರಿ, ಮೂರು ವಾರದ ಗಡುವು ಕೊಟ್ಟು ಸೀದಾ ಕೆಡವಬಹುದು. ನೋಟಿಸಿನಲ್ಲಿ ಹೀಗಿದೆ: ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಸ್ಥಳದಲ್ಲೇ ತಯಾರಿಸಿದ ನಕ್ಷೆಯ ಪ್ರಕಾರ ಸದರಿ ಹದಿನಾಲ್ಕೂ ಮನೆಗಳು ಹತ್ತು ವರ್ಷದೊಳಗಿನ ಹೊಸ ನಿರ್ಮಾಣಗಳು.

ಆ ಸಾಲನ್ನು ಎರಡು ಸಲ ಓದಿದೆ.

ಈಶ್ವರಮ್ಮ ಟೀಚರ್ ಕ್ಯಾಂಪಸ್ಸಿಗೇ ಬಂದರು, ಜೊತೆಗೆ ಮಡಿವಾಳಪ್ಪ. ಟೀಚರ್ ಕೂರಲಿಲ್ಲ.

"ಸರ್, ಮಕ್ಕಳು ಚೆಂದಕ್ಕೆ ಕೆಂಪು ಹಾಕಿದ್ದು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಾನು ಬರೆದುಕೊಟ್ಟೆ, ನೋಟಿಸ್ ಕೊಟ್ಟ ಆಫೀಸಲ್ಲಿ ತಗೊಳ್ಲಿಲ್ಲ. ನಕ್ಷೆ ಮಾಡಿದೋರೇ ಬರೀಬೇಕಂತೆ. ನಿಮ್ಮದೊಂದು ಪತ್ರ ಸಾಕು."

"ಕಲ್ ನೋಡಿದ್ರಲ್ಲ ಸ್ವಾಮಿ, ಅದ್ನೇ ಬರೀರಿ" ಎಂದರು ಮಡಿವಾಳಪ್ಪ.

ನಾಳೆಯೇ ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಕೊಡುವಾಗ ಅದು ನಿಜವೇ ಆಗಿತ್ತು.

ಡಿಸೆಂಬರ್ ೨೩, ಮಂಗಳವಾರ

ಬೆಳಿಗ್ಗೆ ಮೆಟ್ರೊದಲ್ಲಿ ನಿಂತುಕೊಂಡೇ ಪತ್ರ ಬರೆದೆ. ಒಂದೇ ಪುಟ. ಕೆಂಪು ಬಣ್ಣ ಮಕ್ಕಳ ಇಷ್ಟವನ್ನು ತೋರಿಸುತ್ತದೆಯೇ ಹೊರತು ಮನೆಯ ವಯಸ್ಸನ್ನಲ್ಲ. ಒಗೆಯುವ ಕಲ್ಲಿನ ವಿಚಾರವನ್ನೂ ಸೇರಿಸಿದೆ. ಚೆನ್ನಾಗಿ ಬಂದಿತ್ತು.

ಕಳಿಸುವ ಮೊದಲು ಮೇಡಂಗೆ ತೋರಿಸುವುದು ಕ್ರಮ. ಓದಿ ಕನ್ನಡಕ ತೆಗೆದರು. "ನಿಮ್ಮ ಡೇಟಾ ತಪ್ಪು ಅಂತ ನೀವೇ ಬರ್ಕೊಡ್ತೀರಾ ಶ್ಯಾಮ್? ಹನ್ನೆರಡನೇ ತಾರೀಕು ಇಂಟರ್‌ವ್ಯೂ ಬೋರ್ಡಲ್ಲಿ ಕುಲಸಚಿವರೇ ಇರ್ತಾರೆ. ಬೇಡ ಅಂತ ನಾನು ಹೇಳ್ತಿಲ್ಲ. ನಿಮ್ಮಿಷ್ಟ." ಆಮೇಲೆ ಅಮ್ಮನ ಮಂಡಿನೋವು ಹೇಗಿದೆ ಎಂದು ವಿಚಾರಿಸಿದರು. ಇಂಥ ಹೆಂಗಸನ್ನು ದ್ವೇಷಿಸುವುದು ಕೂಡ ಕಷ್ಟ.

ಪತ್ರ ಈ ಪುಸ್ತಕದೊಳಗೇ ಇದೆ. ಗಡುವು ಮುಗಿಯಲು ಇನ್ನೂ ಮೂರು ವಾರವಿದೆಯಲ್ಲ. ಅವಸರದಲ್ಲಿ ಬರೆದದ್ದು, ಭಾಷೆ ಸ್ವಲ್ಪ ತಿದ್ದಬೇಕು.

ಜನವರಿ ೫, ಸೋಮವಾರ

ಮಡಿವಾಳಪ್ಪ ಬೆಳಿಗ್ಗೆ ಎಂಟರಿಂದ ಮುಂದಿನ ಗೇಟಿನ ಹತ್ತಿರ ಕೂತಿದ್ದಾರೆ ಎಂದು ಸೆಕ್ಯುರಿಟಿಯವನು ಫೋನು ಮಾಡಿದ. ಮೀಟಿಂಗಿನಲ್ಲಿದ್ದೇನೆ ಎಂದೆ. ಹನ್ನೊಂದಕ್ಕೆ ಮತ್ತೆ ಮಾಡಿದ. ಎರಡಕ್ಕೆ ಮತ್ತೆ. ಏನು ಮನುಷ್ಯ, ಒಂದು ಸಲ ಹೇಳಿದರೆ ಅರ್ಥವಾಗುವುದಿಲ್ಲವೆ? ಪತ್ರ ಕೊಟ್ಟ ಕೂಡಲೇ ಎಲ್ಲ ನಿಂತುಬಿಡುತ್ತದೆ ಎಂದು ಅವರಿಗೆ ಹೇಳಿದವರು ಯಾರು? ಆನೆ ನಡೆದದ್ದೇ ದಾರಿ, ಅದರ ಕಾಲಿಗೆ ನನ್ನ ಒಂದು ಹಾಳೆ ಅಡ್ಡ ಬರುತ್ತದೆಯೇ?

ಸಂಜೆ ಮೆಸ್ಸಿನ ಪಕ್ಕದ ಗೇಟಿನಿಂದ ಹೊರಬಿದ್ದೆ. ಅರ್ಧ ಕಿಲೋಮೀಟರ್ ಸುತ್ತು.

ಜನವರಿ ೧೨, ಸೋಮವಾರ

ಇಂಟರ್‌ವ್ಯೂ. ಅಮ್ಮ ಮೊಸರು ಸಕ್ಕರೆ ಕೊಟ್ಟು ಕಳಿಸಿದಳು. ನಲವತ್ತು ನಿಮಿಷ. ಎಲ್ಲ ಪ್ರಶ್ನೆಗೂ ನೀರು ಕುಡಿದಷ್ಟು ಸಲೀಸಾಗಿ ಉತ್ತರಿಸಿದೆ. ಕೊನೆಗೆ ಕುಲಸಚಿವರು ಕೇಳಿದರು. "ಸಣ್ಣ ಮಕ್ಕಳು ಬಿಡಿಸಿದ ನಕ್ಷೆಯನ್ನ ಎಷ್ಟರ ಮಟ್ಟಿಗೆ ನಂಬಬಹುದು?"

ಮೇಡಂ ನನ್ನನ್ನೇ ನೋಡುತ್ತಿದ್ದರು.

"ಮಕ್ಕಳು ಸುಳ್ಳು ಹೇಳುವುದಿಲ್ಲ ಸರ್" ಎಂದೆ.

ಎಲ್ಲರೂ ನಕ್ಕರು, ಮೆಚ್ಚುಗೆಯ ನಗು. ಉತ್ತರ ನಿಜಕ್ಕೂ ಚೆನ್ನಾಗಿತ್ತು. ಹೊರಗೆ ಬಂದು ಎರಡು ಲೋಟ ನೀರು ಕುಡಿದೆ.

ಜನವರಿ ೨೦, ಮಂಗಳವಾರ

ಬೆಳಿಗ್ಗೆ ಒಂಬತ್ತಕ್ಕೆ ಜೆಸಿಬಿ ಬಂತು. ಹನ್ನೊಂದೂವರೆಗೆ ಮುಗಿಯಿತು. ಕೇಂದ್ರದ ಮೂರನೇ ಮಹಡಿಯಿಂದ ಎಲ್ಲ ಕಾಣುತ್ತದೆ. ಪಿ.ಜಿ. ಬೆಡ್‌ಶೀಟುಗಳನ್ನು ಹಗ್ಗದ ಸಮೇತ ಎಳೆದು ಹಾಕಿದರು. ಬಿಳಿಯ ಬಟ್ಟೆ ಮಣ್ಣಾದಾಗ ಮಾತ್ರ ಹೆಂಗಸರ ಕೂಗು ಜೋರಾಯಿತು. ಮನೆ ಬಿದ್ದಾಗ ಅಷ್ಟಿರಲಿಲ್ಲ. ಬೇರೆಯವರ ಬಟ್ಟೆಯಲ್ಲವೆ, ಲೆಕ್ಕ ಒಪ್ಪಿಸಬೇಕು. ಆ ಒಗೆಯುವ ಕಲ್ಲನ್ನು ಜೆಸಿಬಿಯ ಬಕೆಟ್ಟಿನಲ್ಲಿ ಎತ್ತಿ ಕೆರೆಗೆ ಬಿಟ್ಟರು.

ಹದಿನೇಳನೇ ಮಗು ಶಾಲೆಯ ಚೀಲ ಹಾಕಿಕೊಂಡು ಹುಣಸೆ ಮರದ ಕೆಳಗೆ ನಿಂತಿದ್ದಳು.

ಕೇಂದ್ರದ ದಿಕ್ಸೂಚಿ ಅವಳ ಹತ್ತಿರವೇ ಉಳಿದಿದೆ ಎಂದು ಆಗ ನೆನಪಾಯಿತು. ಸ್ಟಾಕ್ ಪುಸ್ತಕದಲ್ಲಿ ಅದು ನನ್ನ ಹೆಸರಿನಲ್ಲಿದೆ.



ಫೆಬ್ರವರಿ ೪, ಬುಧವಾರ

ಎರಡನೇ ನಕ್ಷೆ ಬಾಕಿ ಇದೆಯಲ್ಲ ಎಂದು ಮೇಡಂ ನೆನಪಿಸಿದರು. ಆ ಹದಿನಾಲ್ಕು ಮಕ್ಕಳನ್ನು ಬಿಡಬಾರದಂತೆ. "ಥಿಂಕ್ ಮಾಡಿ ಶ್ಯಾಮ್. ಮನೆ ಕಳ್ಕೊಂಡ ಮೇಲೆ ಮಕ್ಕಳ ಮ್ಯಾಪ್ ಹೇಗ್ ಬದಲಾಗತ್ತೆ? ಬಿಫೋರ್ ಇದೆ, ಆಫ್ಟರ್ ಸಿಗತ್ತೆ. ಇಂಥ ಡೇಟಾ ಯಾರ ಹತ್ರಾನೂ ಇಲ್ಲ."

ಎದ್ದು ಬಂದುಬಿಟ್ಟೆ. ಮನುಷ್ಯರೇ ಇವರು? ಶವದ ಮುಂದೆ ಕೂತು ಅಳತೆ ಟೇಪು ಕೇಳುತ್ತಾರಲ್ಲ!

ಸಂಜೆ ಬರುವಾಗ ಯೋಚಿಸಿದೆ. ಆರ್.ವಿ. ರಸ್ತೆಯಲ್ಲಿ ಸೀಟು ಸಿಕ್ಕಿತು. ಮಲ್ಲೇಶ್ವರ ದಾಟುವಷ್ಟರಲ್ಲಿ ಪ್ರಬಂಧದ ಮೊದಲ ಪ್ಯಾರಾ ಮನಸ್ಸಿನಲ್ಲಿ ಮೂಡಿತ್ತು. ಯಾರೋ ಬರೆದೇ ಬರೆಯುತ್ತಾರೆ, ಆ ಮಕ್ಕಳನ್ನು ಬಲ್ಲವನು ಬರೆಯುವುದು ಮೇಲು. ಹಾಗೆ ನೋಡಿದರೆ ಇದೂ ಒಂದು ಸಹಾಯವೇ.

ಫೆಬ್ರವರಿ ೧೦, ಮಂಗಳವಾರ

ಹದಿನಾಲ್ಕರಲ್ಲಿ ಒಂಬತ್ತೇ ಮಕ್ಕಳು ಬಂದಿದ್ದರು. ಉಳಿದವರು ಆನೇಕಲ್ ಕಡೆ ನೆಂಟರ ಮನೆ ಸೇರಿದ್ದಾರಂತೆ. ಬಿಸ್ಕತ್ತಿನ ಪೊಟ್ಟಣ ಕೊಂಡುಹೋಗಿದ್ದೆ. ಈಶ್ವರಮ್ಮ ಟೀಚರ್ ಅದನ್ನು ನೋಡಿದರು, ನನ್ನನ್ನು ನೋಡಿದರು. "ಹೆಡ್‌ಮಾಸ್ಟರ್ ಒಪ್ಪಿದ್ದಾರೆ, ನಾನು ತಡೆಯೋಕಾಗಲ್ಲ. ಆದ್ರೆ ಈ ಕೋಣೇಲಿ ನಾನು ನಿಲ್ಲಲ್ಲ" ಎಂದು ಹೊರಗೆ ಹೋದರು. ಅಷ್ಟು ಮಕ್ಕಳ ಮುಂದೆ. ಅವಮಾನವಾಯಿತು, ಸಿಟ್ಟೂ ಬಂತು.

ನಕ್ಷೆಗಳು ಪೂರ್ತಿ ಹಾಳು. ಒಂಬತ್ತು ಹಾಳೆಯಲ್ಲೂ ಬಾಣವಿಲ್ಲ, ಸೂಚಿಯಿಲ್ಲ, ಕೆಂಪು ಬಳಪವನ್ನು ಒಬ್ಬರೂ ಮುಟ್ಟಿಲ್ಲ. ಒಬ್ಬ ತನ್ನ ಮನೆಯನ್ನು ಮೆಟ್ರೊ ಕಂಬದ ಮೇಲೆ ಬಿಡಿಸಿದ್ದಾನೆ. ೧೭ ತನ್ನ ಮನೆಯನ್ನು ಕೆರೆಯ ನಟ್ಟನಡುವೆ ಬಿಡಿಸಿದ್ದಾಳೆ. ಮೂಲೆಯಲ್ಲಿ ಮತ್ತೆ ಸೂರ್ಯ. ಹೆಜ್ಜೆ ಎಣಿಸಿ ದಾರಿ ತೋರಿಸಿದ್ದ ಹುಡುಗಿ!

"ಇದು ಸರೀನಾ?"

"ಇಲ್ಲ ಸಾರ್."

"ಗೊತ್ತಿದ್ದೂ ಯಾಕೆ ತಪ್ಪು ಬರ್ದೆ?"

"ಸರ್ಯಾಗ್ ಬರೆದ್ರೆ ಬಂದು ಒಡೀತಾರಂತೆ ಸಾರ್. ತಾತ ಹೇಳವ್ರೆ. ಈಗ ಶೆಡ್‌ನಾಗೆ ಇದೀವಿ, ಅದನ್ನೂ ಒಡೆದ್ರೆ ಎಲ್ಗೋಗಾದು?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಪಾಠ ಒಪ್ಪಿಸುವ ಹಾಗೆ ಹೇಳಿದಳು. ದಿಕ್ಸೂಚಿ ಎಲ್ಲಿ ಎಂದು ಕೇಳಿಬಿಟ್ಟೆ.

"ಮಣ್ಣಲ್ಲಿ ಐತೆ ಸಾರ್. ಸ್ಕೂಲ್ ಬಿಟ್ಮೇಲೆ ಹುಡುಕ್ಕೊಡ್ಲಾ?"

ಬೇಡ ಎನ್ನಬೇಕೆಂದು ಬಾಯಿ ತೆರೆದೆ. ಸ್ಟಾಕ್ ಪರಿಶೀಲನೆ ಮಾರ್ಚಿನಲ್ಲಿದೆ. ಹುಡುಕಿ ನೋಡು ಎಂದೆ.

ಒಂಬತ್ತಕ್ಕೂ ಸೊನ್ನೆ. ನಿಯಮ ಎಂದರೆ ನಿಯಮ. ಕಲಿಕೆಯಲ್ಲಿ ತೀವ್ರ ಕುಸಿತ ಎಂದು ವರದಿಯಲ್ಲಿ ಬರೆದೆ.

ಫೆಬ್ರವರಿ ೨೭, ಶುಕ್ರವಾರ

ಆದೇಶ ಬಂತು. ಕಾಯಂ! ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿ ಅತ್ತಳು. ಬೀದಿಯವರಿಗೆಲ್ಲ ಮೈಸೂರುಪಾಕು ಹಂಚಿದಳು. ನನಗೂ ಸಂತೋಷವಾಗಿದೆ. ಆಗಿರಲೇಬೇಕು.

ಸೋಮವಾರ ಕೊಡಬೇಕಾದ ಅರ್ಜಿಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ತುಂಬುತ್ತಿದ್ದೆ. ಈ ಪುಸ್ತಕದಲ್ಲಿದ್ದ ಪತ್ರ ಜಾರಿ ಕೆಳಗೆ ಬಿತ್ತು. ತೆಗೆದು ಅದರ ಹಿಂಬದಿಯಲ್ಲೇ ಪೆನ್ನು ಬರೆಯುತ್ತದೆಯೇ ಎಂದು ಗೀಚಿ ನೋಡಿದೆ, ಒಳ್ಳೆಯ ಕಾಗದ.

ನಾಲ್ಕನೇ ಹಾಳೆಯಲ್ಲಿ ಒಂದು ದೊಡ್ಡ ಚೌಕ. ನೌಕರರು ತಮ್ಮ ವಾಸದ ಮನೆಗೆ ಬರುವ ದಾರಿಯ ನಕ್ಷೆಯನ್ನು ಇಲ್ಲಿ ಕೈಯಿಂದ ಬಿಡಿಸಬೇಕು, ಮನೆ ಯಾವ ವರ್ಷದ್ದು ಎಂದೂ ಬರೆಯಬೇಕು.

ಅಮ್ಮ ಎದುರಿಗೇ ಕೂತು ಬಟಾಣಿ ಬಿಡಿಸುತ್ತಿದ್ದಳು. "ಏನೋ ಅದು, ನಮ್ಮನೆ ಯಾಕೆ ಬರೀತಿದ್ದೀಯ?" ಎಂದಳು.

"ಆಫೀಸಿಗೆ ಅಷ್ಟೇ ಕಣಮ್ಮ."

ಅವಳು ಎದ್ದು ಹೋದಳು. ಒಳಗೆ ಬೀರು ತೆಗೆದ ಸದ್ದು ಕೇಳಿಸಿತು.

ಮೆಟ್ರೊ ನಿಲ್ದಾಣ ಬಿಡಿಸಿದೆ. ಗಣಪತಿ ಗುಡಿ, ಹಾಲಿನ ಬೂತು, ಮೂರನೇ ಅಡ್ಡರಸ್ತೆ, ಎಲ್ಲ ಅಳತೆಗೆ ಸರಿಯಾಗಿ. ಕೊನೆಗೆ ಮನೆಯನ್ನು ಒಂದು ಬೀದಿ ಆಚೆ ಬಿಡಿಸಿದೆ, ಖಾಲಿ ಸೈಟಿನಲ್ಲಿ. ಕೈ ತಪ್ಪಿರಬೇಕು. ಅಳಿಸಿ ಸರಿಮಾಡಲು ರಬ್ಬರ್ ಪಕ್ಕದಲ್ಲೇ ಇತ್ತು. ಮಾಡಲಿಲ್ಲ. ವರ್ಷದ ಜಾಗ ಖಾಲಿ ಬಿಟ್ಟೆ. ಉತ್ತರ ದಿಕ್ಕಿನ ಬಾಣವನ್ನು ಮಾತ್ರ ಸರಿಯಾಗಿ ಹಾಕಿ ಸಹಿ ಮಾಡಿದೆ.